ಗಣಿಯ ಮೆಟ್ಟಿಲು ನಷ್ಟವೇ?

ಮಕ್ಕಳೇ, ನಮ್ಮ ಕಾಸರಗೋಡಿನ ಕೆಂಪುಕಲ್ಲಿನ ಕೋರೆಗಳನ್ನು ನೀವು ನೋಡಿರಬಹುದು. ಕಲ್ಲು ಕಡಿದು ತೆಗೆದ ಮೇಲೆ ಕೋರೆಯ ಬದಿ ಮನೆಯ ಗೋಡೆಯಂತೆ ನೆಟ್ಟಗೆ ನಿಂತಿರುತ್ತದೆ. ಇಂತಹ ಗುಂಡಿ ಒಂದು ಕಿಲೋಮೀಟರಿಗಿಂತಲೂ ಆಳವಾಗಿದ್ದರೆ ಹೇಗಿದ್ದೀತು? ಅಮೆರಿಕದ ಯೂಟಾ ರಾಜ್ಯದಲ್ಲಿರುವ ಬಿಂಗ್‌ಹ್ಯಾಮ್ ಕ್ಯಾನ್ಯನ್ ಎಂಬ ತಾಮ್ರದ ಗಣಿ ಅಷ್ಟು ಆಳವಾಗಿದೆ.

ಆದರೆ ಅದರ ಬದಿ ನೆಟ್ಟನೆಯ ಗೋಡೆಯಲ್ಲ. ದೇವಸ್ಥಾನದ ಕೆರೆಯ ಮೆಟ್ಟಿಲುಗಳಂತೆ ಹಂತ ಹಂತವಾಗಿ ಇಳಿದಿದೆ. ಮೇಲಿನಿಂದ ಉರುಳಿದ ಕಲ್ಲು ತಳಕ್ಕೆ ಬೀಳದೆ ನಡುವಿನ ಮೆಟ್ಟಿಲಲ್ಲೇ ನಿಲ್ಲಬೇಕು. ಅದಕ್ಕಾಗಿ ಗಣಿಗಳಲ್ಲಿ ಮೆಟ್ಟಿಲಿನ ಅಂಚಿಗೆ ಕಲ್ಲುಮಣ್ಣಿನ ದಿಣ್ಣೆಯನ್ನೂ ಹಾಕುತ್ತಾರೆ.

ಮೆಟ್ಟಿಲು ಅಗಲವಾದಷ್ಟೂ ಗಣಿಯ ಬಾಯಿ ಹಿಗ್ಗುತ್ತದೆ. ಅದಿರಿಲ್ಲದ ಬರಿಯ ಕಲ್ಲನ್ನು ಹೆಚ್ಚು ಅಗೆದು ಸಾಗಿಸಬೇಕು. ಅದಕ್ಕೆ ಹಣ ಬೇಕು. ಆದುದರಿಂದಲೇ ಬದಿಯನ್ನು ಕಡಿದಾಗಿ ಬಿಡುವ ಆಸೆ ಹುಟ್ಟುತ್ತದೆ. ಕೆಲಸಗಾರರ ತಲೆಗೆ ಹೆಲ್ಮೆಟ್ ಇದೆಯಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಎತ್ತರದ ತೆಂಗಿನಮರವೊಂದು ಸುಮಾರು 20 ಮೀಟರ್ ಇರುತ್ತದೆ. ಅಷ್ಟು ಮೇಲಿನಿಂದ ನೇರವಾಗಿ ಬೀಳುವ ಕಲ್ಲು ನೆಲ ಮುಟ್ಟುವಾಗ ಗಂಟೆಗೆ ಸುಮಾರು 70 ಕಿಲೋಮೀಟರ್ ವೇಗದಲ್ಲಿರುತ್ತದೆ. ತೆಂಗಿನಕಾಯಿಯಷ್ಟು ದೊಡ್ಡ ಕಲ್ಲು ಆ ವೇಗದಲ್ಲಿ ಬಂದರೆ ಹೆಲ್ಮೆಟ್ ಏನು ಮಾಡೀತು? ನಮ್ಮ ಕೋರೆಯ 5 ಮೀಟರ್ ಗೋಡೆಯಿಂದ ಬಿದ್ದರೂ ವೇಗ 35 ಕಿಲೋಮೀಟರಿನಷ್ಟಾಗುತ್ತದೆ!

ಈಗ ರಾಡಾರ್ ಯಂತ್ರಗಳಿವೆ, ಅವು ಸಾಲವೇ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಬಿಂಗ್‌ಹ್ಯಾಮ್ ಗಣಿಯ ಒಂದು ಬದಿ ನಿಧಾನವಾಗಿ ಜರುಗುತ್ತಿರುವುದನ್ನು 2013ರಲ್ಲಿ ಯಂತ್ರಗಳು ಮೊದಲೇ ತೋರಿಸಿದವು. ಕೆಲಸಗಾರರನ್ನು ಮೇಲಕ್ಕೆ ಕರೆಸಿದರು. ಏಪ್ರಿಲ್ 10ರ ರಾತ್ರಿ ಎರಡು ಸಲ ಗುಡ್ಡ ಕುಸಿದು, 10 ಕೋಟಿ ಟನ್ನಿಗಿಂತಲೂ ಹೆಚ್ಚು ಕಲ್ಲುಮಣ್ಣು ಕೆಳಗಿಳಿಯಿತು. ದೊಡ್ಡ ಯಂತ್ರಗಳು ಹೂತುಹೋದವು. ಒಬ್ಬರಿಗೂ ಗಾಯವಾಗಲಿಲ್ಲ.

ಆದರೆ ಒಂಟಿ ಕಲ್ಲಿನ ರೀತಿಯೇ ಬೇರೆ. ಬಿರುಕಿಗೆ ಮಳೆನೀರು ಇಳಿಯುತ್ತದೆ, ಸಿಡಿಮದ್ದಿನ ಸದ್ದಿಗೆ ಬಂಡೆ ಅದುರುತ್ತದೆ, ಕಲ್ಲು ಕಳಚಿ ಕ್ಷಣದಲ್ಲಿ ಕೆಳಗಿರುತ್ತದೆ. ದೊಡ್ಡ ಗುಡ್ಡ ಮೊದಲೇ ಸುಳಿವು ಕೊಟ್ಟೀತು, ಈ ಕಲ್ಲು ಬಹುಮಟ್ಟಿಗೆ ಕೊಡುವುದಿಲ್ಲ. ಅದು ಬೀಳುವ ಮೊದಲೇ ಅದನ್ನು ಹಿಡಿಯಲು ಮೆಟ್ಟಿಲು ಸಿದ್ಧವಾಗಿರಬೇಕು. ಇದನ್ನು ನಷ್ಟದ ಲೆಕ್ಕಕ್ಕೆ ಬರೆಯುವುದು ಸರಿಯೇ?

ಇನ್ನೊಂದು ವಿಷಯವಿದೆ. ಬಿದ್ದ ಕಲ್ಲುಗಳಿಂದ ಮೆಟ್ಟಿಲು ದಿನೇ ದಿನೇ ತುಂಬುತ್ತಾ ಬರುತ್ತದೆ. ಪೂರ್ತಿ ತುಂಬಿದ ಮೆಟ್ಟಿಲು ಜಾರುಬಂಡಿಯಂತೆ. ಮುಂದಿನ ಕಲ್ಲು ಅದರ ಮೇಲಿಂದ ಜಾರಿ ಕೆಳಗೆ ಹಾರುತ್ತದೆ. ಆ ಕಲ್ಲುಗಳನ್ನು ಬಾಚಿ ತೆಗೆಯುವವರೆಗೆ, ಅಗೆತ ಎಷ್ಟೇ ತಡವಾಗಲಿ, ಅದರ ಕೆಳಗೆ ಯಾರನ್ನೂ ಕೆಲಸಕ್ಕೆ ಇಳಿಸಬಾರದು.