ಸೈಕಲ್ಲಿನವರು ಬರ್ತಾರೆ, ನಮ್ಮೂರಲ್ಲಿ ನಿಲ್ತಾರಾ?

ಕುಮಟಾ: ಮಳೆಗಾಲ ಮುಗೀತು ಅಂದ್ರೆ ಸೈಕಲ್ಲಿಗೆ ಚೀಲ ಕಟ್ಟಿಕೊಂಡು ಗೋವಾ ಕಡೆಯಿಂದ ಬರುವವರು ಕಾಣಿಸ್ತಾರೆ. ಕಡಲ ಬದಿಯ ದಾರಿ ಸಪಾಟು ಅಂದುಕೊಂಡವರಿಗೆ ಇಲ್ಲಿ ಏದುಸಿರು. ಕಾರವಾರದಿಂದ ಭಟ್ಕಳದವರೆಗೆ ಗುಡ್ಡಗಳು ಕಡಲಿಗೇ ಬಂದು ನಿಂತಿವೆ. ಏರು ಹತ್ತಿ ಇಳಿದರೆ ಹೊಳೆ, ಹೊಳೆ ದಾಟಿದರೆ ಮತ್ತೆ ಏರು.

ಅವರಿಗಿರುವ ದಾರಿ ಎರಡು. ಹೆದ್ದಾರಿ 66 ಹಿಡಿದರೆ ಬೇಗ ಸಾಗಬಹುದು. ಆದ್ರೆ ಪಕ್ಕದಲ್ಲೇ ಲಾರಿಗಳ ಓಟ, ಇನ್ನೊಂದು ಬದಿ ಕಡಿದ ಗುಡ್ಡ. 2024ರ ಜುಲೈ 16ರಂದು ಶಿರೂರಿನಲ್ಲಿ ಕುಸಿದ ಮಣ್ಣು ಹೆದ್ದಾರಿ ಬದಿಯ ಅಂಗಡಿಯನ್ನೂ ಜನರನ್ನೂ ಎಳೆದೊಯ್ದದ್ದು ಮರೆಯುವಂಥದ್ದಲ್ಲ.

ಇನ್ನೊಂದು ಒಳದಾರಿ: ಗೋಕರ್ಣ, ತದಡಿ, ಅಲ್ಲಿ ಸೈಕಲ್ ದೋಣಿಗೆ ಹಾಕಿ ಅಘನಾಶಿನಿ, ಮುಂದೆ ಕಾಗಾಲ, ಬಾಡದ ಮೇಲೆ ಕುಮಟಾ. ಏರಿಳಿತ ಇದೆ, ಲಾರಿ ಕಾಟ ಕಡಿಮೆ.

ವ್ಯಾಪಾರದ ಲೆಕ್ಕವೂ ಇಲ್ಲೇ ಇದೆ. ಹೆದ್ದಾರಿಯಲ್ಲಿ ಹೋದವ ಊರು ನೋಡದೇ ದಾಟ್ತಾನೆ. ಒಳದಾರಿಯಲ್ಲಿ ದಣಿದವ ಚಾ, ಬಾಳೆಹಣ್ಣು, ಊಟಕ್ಕೆ ನಿಲ್ಲಲೇಬೇಕು. ರಾತ್ರಿಯಾದರೆ ಕೋಣೆಯೂ ಬೇಕು.

ಇದಕ್ಕೆ ಕೋಟಿಗಟ್ಟಲೆ ಯೋಜನೆ ಬೇಡ. ದೋಣಿ ಸಮಯದ ಬೋರ್ಡು, ಕುಡಿಯುವ ನೀರು, ಗಾಳಿ ಪಂಪು, ಪಂಕ್ಚರ್ ಹಾಕುವವರ ನಂಬರು ಸಾಕು. ಪಂಚಾಯ್ತಿಗಳೂ ಅಂಗಡಿಯವರೂ ಮಳೆ ನಿಲ್ಲುವುದರೊಳಗೆ ಕೂತು ಮಾತಾಡಲಿ.