ಕೊನೆಯ ಆಟಕ್ಕೆ ಚಪ್ಪಾಳೆ ಹೊಡೆದರೆ ಸಾಕಾ?

ಮೇ ತಿಂಗಳು ಬಂತೆಂದರೆ ಯಕ್ಷಗಾನದ ಹುಚ್ಚು ಹತ್ತಿಸಿಕೊಂಡವರದು ಒಂದೇ ಲೆಕ್ಕ. ಪತ್ತನಾಜೆಗೆ ಇನ್ನೆಷ್ಟು ದಿನ? ತುಳುವರ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24ರ ಆಸುಪಾಸಿನಲ್ಲಿ ತೆಂಕುತಿಟ್ಟಿನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಮತ್ತೆ ಕಟ್ಟುವುದು ದೀಪಾವಳಿ ಕಳೆದ ಮೇಲೆ. ಹಾಗಾಗಿ ಕೊನೆಯ ಹದಿನೈದು ದಿನ ಅಭಿಮಾನಿಗಳಿಗೆ ನಿದ್ದೆಯಿಲ್ಲ. ಇವತ್ತು ಯಾವ ಮೇಳ ಎಲ್ಲಿ, ಯಾವ ಪ್ರಸಂಗ, ನಮ್ಮ ಭಾಗವತರು ಎಷ್ಟು ಹೊತ್ತಿಗೆ ಜಾಗಟೆ ಹಿಡಿಯುತ್ತಾರೆ ಎಂದು ವಾಟ್ಸಾಪ್‌ನಲ್ಲಿ ಪಟ್ಟಿ ಓಡಾಡುತ್ತಿರುತ್ತದೆ.

ಬೇಲೂರಿನವನಿಗೆ ಇದೇನು ಉಸಾಬರಿ ಅಂತೀರಾ? ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿದರೆ ಉಜಿರೆ. ಕೆಳಗಿನಿಂದ ಹೋಟೆಲು, ತೋಟಗಳ ಕೆಲಸಕ್ಕೆ ಬಂದವರ ಜೊತೆಗೆ ಈ ಹುಚ್ಚೂ ಘಟ್ಟ ಹತ್ತಿದೆ. ಮಳೆ ಹಿಡಿದು ಘಾಟಿಯಲ್ಲಿ ಮಣ್ಣು ಕುಸಿಯುವ ಮುಂಚೆ ಒಂದು ಆಟ ನೋಡಿಬಿಡೋಣ ಅಂತ ಗಾಡಿ ಮಾಡಿಕೊಂಡು ಇಳಿಯುವವರು ನಮ್ಮಲ್ಲೂ ಇದ್ದಾರೆ. ದೊಂದಿ ಬೆಳಕಲ್ಲಿ ಮಹಿಷಾಸುರ ಜನರ ನಡುವಿನಿಂದ ಅಬ್ಬರಿಸುತ್ತ ಬರುವುದನ್ನು ಒಮ್ಮೆ ನೋಡಿದವರು ಮರುವರ್ಷ ಕಾಯದೆ ಇರಲಾರರು. ಆ ಕಾಯುವಿಕೆಯ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು ಮರುದಿನದ ಬಗ್ಗೆ.

ಗೆಜ್ಜೆ ಬಿಚ್ಚಿದ ಮರುದಿನ ಪತ್ರಿಕೆಯಲ್ಲಿ 'ಮೇಳಗಳ ತಿರುಗಾಟಕ್ಕೆ ಸಂಭ್ರಮದ ತೆರೆ' ಎಂದು ಫೋಟೊ ಸಮೇತ ಬರುತ್ತದೆ. ಅದರೊಳಗೆ 'ಕಲಾವಿದರಿಗೆ ಇನ್ನು ವಿಶ್ರಾಂತಿ' ಅನ್ನುವ ಸಾಲೊಂದು ಇದ್ದೇ ಇರುತ್ತದೆ. ಸ್ವಾಮಿ, ಸಂಬಳ ಬರುತ್ತಿದ್ದರೆ ಅದು ವಿಶ್ರಾಂತಿ. ಬರದಿದ್ದರೆ ಅದಕ್ಕೆ ನಿರುದ್ಯೋಗ ಅಂತ ಹೆಸರು. ಬಹುಪಾಲು ಮೇಳಗಳಲ್ಲಿ ಸಂಬಳದ ಲೆಕ್ಕ ತಿರುಗಾಟದ ದಿನಗಳಿಗೆ ಮಾತ್ರ. ಆರು ತಿಂಗಳು ರಾತ್ರಿ ಕುಣಿದು ಹಗಲು ನಿದ್ದೆ ಮಾಡಿದ ದೇಹಕ್ಕೆ ಜೂನ್‌ ತಿಂಗಳಲ್ಲಿ ಏಕಾಏಕಿ ಹಗಲಿನ ಕೂಲಿ ಹುಡುಕು ಅಂದರೆ ಅದು ಎಲ್ಲಿಗೆ ಹೋಗಬೇಕು?

2022ರ ಜೂನ್‌ನಲ್ಲಿ ಕೊರಿಯಾದ ಬಿಟಿಎಸ್ ತಂಡ ಒಟ್ಟಾಗಿ ಹಾಡುವುದಕ್ಕೆ ಸ್ವಲ್ಪ ಬಿಡುವು ಎಂದಾಗ ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ಸೇನೆಗೆ ಹೋಗುವ ಮುಂಚೆ ಅಕ್ಟೋಬರ್ 15ರಂದು ಬೂಸಾನ್‌ನಲ್ಲಿ ಅವರು ಎಲ್ಲರೂ ಸೇರಿ ಹಾಡಿದ್ದನ್ನು ನಮ್ಮೂರಿನ ಕಾಲೇಜು ಮಕ್ಕಳೂ ಫೋನಿನಲ್ಲಿ ನೋಡಿದರು. ಆ ತಂಡ ಸುಮ್ಮನಿದ್ದರೂ ಹಾಡು ದುಡಿಯುತ್ತದೆ. ಮೇಳದ ಪುಂಡುವೇಷದ ಹುಡುಗ ಸುಮ್ಮನಿದ್ದರೆ ಏನೂ ದುಡಿಯುವುದಿಲ್ಲ. ಅವನ ಕುಣಿತವನ್ನು ಸಾವಿರ ಜನ ಮೊಬೈಲಿನಲ್ಲಿ ಹಿಡಿದು ಯೂಟ್ಯೂಬಿಗೆ ಹಾಕುತ್ತಾರೆ. ಅದರ ಬಾಬ್ತು ಅವನ ಕೈಗೆ ಒಂದು ಪೈಸೆ ಬರುವುದಿಲ್ಲ.

'ಈಗ ಮಳೆಗಾಲದಲ್ಲೂ ಆಟ ಆಗುತ್ತದಲ್ಲ, ಮುಂಬಯಿ, ಬೆಂಗಳೂರಿಗೆ ಹೋಗುತ್ತಾರಲ್ಲ' ಎನ್ನುತ್ತಾರೆ. ಹೋಗುತ್ತಾರೆ, ಹೆಸರಿದ್ದವರು. ಸಭಾಂಗಣದ ಮೂರು ಗಂಟೆ ಆಟಕ್ಕೆ ಕೋಡಂಗಿ, ಬಾಲಗೋಪಾಲ, ನಿತ್ಯವೇಷದವರು ಬೇಕಾಗುವುದಿಲ್ಲ. ಚೌಕಿಯಲ್ಲಿ ವೇಷ ಕಟ್ಟುವವರು, ರಂಗಸ್ಥಳ ಹಾಕುವವರು, ಲೈಟಿನವರು ಅಷ್ಟೂ ಜನ ಬೇಕಾಗುವುದಿಲ್ಲ. ಉಳಿದ ಕೆಲವರು ಚಿಕ್ಕಮೇಳ ಕಟ್ಟಿಕೊಂಡು ಸುರಿಯುವ ಮಳೆಯಲ್ಲಿ ಮನೆಮನೆ ಬಾಗಿಲಿಗೆ ಹೋಗಿ ಕುಣಿಯುತ್ತಾರೆ. ಅದನ್ನು ವಿಶ್ರಾಂತಿ ಅನ್ನುವವರು ಒಂದು ರಾತ್ರಿ ಅವರ ಜೊತೆ ನಡೆದು ಬರಲಿ.

ಇನ್ನೊಂದು ಮಾತು: 'ಇದು ದೇವರ ಸೇವೆ, ಇಲ್ಲಿ ಕೂಲಿ ಲೆಕ್ಕ ಮಾಡಬಾರದು.' ಕಟೀಲಿನ ಹರಕೆ ಆಟಕ್ಕೆ ಜನ ವರ್ಷಗಟ್ಟಲೆ ಮೊದಲೇ ಹೆಸರು ಬರೆಸಿ ಕಾಯುತ್ತಾರೆ. ಅಷ್ಟು ಭಕ್ತಿ ಇದೆ. ಆದರೆ ಹರಕೆ ಹೊತ್ತವರು ಇನ್ಯಾರೋ, ಅದನ್ನು ತೀರಿಸಲು ಕುಣಿಯುವ ಮೈ ಇನ್ಯಾರದೋ. ಕಾಳಿಂಗ ನಾವಡರಂಥ ಭಾಗವತರು 1990ರ ಮೇ ತಿಂಗಳಲ್ಲಿ, ಮೂವತ್ತರ ಆಸುಪಾಸಿನಲ್ಲೇ, ರಸ್ತೆ ಅಪಘಾತಕ್ಕೆ ತುತ್ತಾದರು. ಹುಡಗೋಡು ಚಂದ್ರಹಾಸರು 2019ರಲ್ಲಿ ರಂಗಸ್ಥಳದಲ್ಲೇ ಕುಸಿದು ತೀರಿಕೊಂಡರು. ದೇವರ ಹೆಸರು ಹೇಳಿ ದೇಹದ ಲೆಕ್ಕ ಮುಚ್ಚಿಡುವುದು ಭಕ್ತಿಯಲ್ಲ.

ದಾರಿ ಇಲ್ಲವೇ? ಇದೆ, ಅದೇ ಕರಾವಳಿಯಲ್ಲಿ ಇದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ ಕಷ್ಟದ ತಿಂಗಳುಗಳಿಗೆಂದು ಉಳಿತಾಯ ಮತ್ತು ಪರಿಹಾರ ಯೋಜನೆಯಿದೆ. ಮೀನುಗಾರ ತನ್ನ ಪಾಲು ಕಟ್ಟಿದರೆ ಸರ್ಕಾರದ ಪಾಲೂ ಸೇರಿ ಅವನ ಕೈಗೆ ಬರುತ್ತದೆ. ದೊಡ್ಡ ಮೊತ್ತವೇನಲ್ಲ. ಆದರೆ ಮಳೆಗಾಲದಲ್ಲಿ ಈ ಮನುಷ್ಯನಿಗೆ ದುಡಿಮೆ ಇಲ್ಲ ಎಂಬುದನ್ನು ಸರ್ಕಾರ ಬರವಣಿಗೆಯಲ್ಲಿ ಒಪ್ಪಿಕೊಂಡಿದೆ. ಅದೇ ಮಳೆ, ಅದೇ ಊರು, ಪಕ್ಕದ ಮನೆ. ವೇಷಧಾರಿಗೆ ಮಾತ್ರ ಆ ಒಪ್ಪಿಗೆ ಇಲ್ಲ. ಸಂಕಷ್ಟದಲ್ಲಿರುವ ಕಲಾವಿದರಿಗೆ ಮಾಸಾಶನ ಕೊಡುತ್ತೇವೆ ಎನ್ನುತ್ತಾರೆ. ಅದು ವಯಸ್ಸಾದವರಿಗೆ. ಇಪ್ಪತ್ತೈದರ ಹುಡುಗನ ಜುಲೈ ತಿಂಗಳಿಗೆ ಅದು ಉತ್ತರವಲ್ಲ. ಕೆಲವು ಮೇಳಗಳ ಯಜಮಾನರು, ದಾನಿಗಳು ಕೈಹಿಡಿಯುತ್ತಾರೆ, ಸಂತೋಷ. ಆದರೆ ಯಜಮಾನರ ಒಳ್ಳೆಯತನ ಹಕ್ಕಾಗುವುದಿಲ್ಲ.

ನಮ್ಮ ಬೇಲೂರಿನ ದೇವಸ್ಥಾನ 1117ರದು. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಅಲ್ಲಿನ ಕಲ್ಲಿನ ನರ್ತಕಿಯರಿಗೆ, ಮದ್ದಳೆ ಬಾರಿಸುವ ಕಲ್ಲಿನ ಕೈಗಳಿಗೆ ಸರ್ಕಾರ ಹನ್ನೆರಡು ತಿಂಗಳೂ ಕಾವಲು ಇಟ್ಟಿದೆ. ಇಡಲೇಬೇಕು. ಆದರೆ ಕಲ್ಲಿಗೆ ಹನ್ನೆರಡು ತಿಂಗಳ ಕಾಳಜಿ, ಜೀವ ಇರುವ ಕಾಲಿಗೆ ಆರು ತಿಂಗಳ ಸಂಬಳ ಅಂದರೆ ಪರಂಪರೆ ಅನ್ನುವ ಮಾತಿಗೆ ನಾವು ಕೊಟ್ಟಿರುವ ಅರ್ಥದಲ್ಲೇ ಏನೋ ಎಡವಟ್ಟಿದೆ.

ಅದಕ್ಕೇ ಕೇಳುತ್ತಿದ್ದೇನೆ. ಮೀನುಗಾರರಿಗಿರುವಂಥದ್ದೇ ಮಳೆಗಾಲದ ಯೋಜನೆ ಮೇಳದ ಪ್ರತಿಯೊಬ್ಬರಿಗೂ ಬರಲಿ, ಚೌಕಿಯವರು, ಲೈಟಿನವರು ಸೇರಿ. ಆಟ ಆಡಿಸುವವರು ಕೊಡುವ ವೀಳ್ಯದಲ್ಲಿ ಮಳೆಗಾಲದ ಪಾಲು ಅಂತ ಒಂದು ಮೊತ್ತ ಸೇರಲಿ. ಊಟ, ಶಾಮಿಯಾನ, ಫ್ಲೆಕ್ಸಿಗೆ ಆಗುವ ಖರ್ಚಿನ ಮುಂದೆ ಅದೇನೂ ಭಾರವಲ್ಲ. ಕೊನೆಯ ಆಟಕ್ಕೆ ನೂರಾರು ಕಿಲೋಮೀಟರ್ ಓಡುವ ಅಭಿಮಾನಿಗಳು ಡೀಸೆಲ್ಲಿಗೆ ಹಾಕುವ ದುಡ್ಡಿನಲ್ಲಿ ಕಾಲು ಭಾಗವನ್ನಾದರೂ ಚೌಕಿಗೆ ಹೋಗಿ ಕೊಟ್ಟು ಬರಲಿ, ಸೆಲ್ಫಿ ಆಮೇಲೆ.

ಇನ್ನು ಇಲ್ಲಿ ಬರೆಯುವ, ಓದುವ ಗೆಳೆಯರಿಗೆ. ಕಾಲಂ ಲೆಕ್ಕದಲ್ಲಿ ದುಡ್ಡು ಎಣಿಸುವ ಸ್ಟ್ರಿಂಗರುಗಳು ನಾವು. ಸುದ್ದಿ ಇಲ್ಲದ ತಿಂಗಳು ಹೇಗಿರುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಮೇ 25ಕ್ಕೆ 'ಸಂಭ್ರಮದ ತೆರೆ' ಎಂದು ಕಳಿಸುವ ಪ್ರತಿಯೊಬ್ಬರೂ ಜುಲೈ 25ಕ್ಕೆ ಅದೇ ಮೇಳದ ಒಬ್ಬ ನಿತ್ಯವೇಷದವರ ಮನೆಗೆ ಹೋಗಿ ಇನ್ನೊಂದು ಸುದ್ದಿ ಕಳಿಸಲಿ. ಡೆಸ್ಕಿನವರು 'ಇದರಲ್ಲೇನಿದೆ ಹೊಸದು' ಅಂದರೆ ಈ ಜಾಗ ಹೇಗೂ ಇದೆ, ಇಲ್ಲಿ ಹಾಕೋಣ.