ಮೊಬೈಲಿನಲ್ಲಿ ಸಿಕ್ಕ ತೀರ್ಪಿನ ಪ್ರತಿ ಮೇಲ್ಮನವಿಗೆ ಸಾಕೇ?

"ಇನ್ನು ಕೋರ್ಟಿಗೆ ಅಲೆಯಬೇಕಿಲ್ಲ, ಎಲ್ಲ ದಾಖಲೆಯೂ ಮೊಬೈಲಿನಲ್ಲೇ ಸಿಗುತ್ತದೆ." ಇಂಥ ಸಂದೇಶ ನಿಮ್ಮ ಗುಂಪಿಗೂ ಬಂದಿರಬಹುದು. ಇದರಲ್ಲಿ ಅರ್ಧ ನಿಜ. ಉಳಿದರ್ಧವನ್ನು ನಂಬಿ ಕೂತರೆ ಹೊಲವೇ ಕೈತಪ್ಪಬಹುದು.

ಮೊದಲು ನಿಜ ನೋಡೋಣ. ಕಟಕೋಳದವರು ಮುಂದಿನ ತಾರೀಕು ಕೇಳಲೆಂದೇ ರಾಮದುರ್ಗದ ಕೋರ್ಟಿಗೆ ಬಸ್ ಹತ್ತಬೇಕಿಲ್ಲ. ಇ-ಕೋರ್ಟ್ಸ್ ಸರ್ವೀಸಸ್ ಆ್ಯಪ್‌ನಲ್ಲಿ ದಾವೆಯ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಹಾಕಿದರೆ ತಾರೀಕು, ಹಂತ, ಹಲವು ಸಲ ಆದೇಶದ ಪ್ರತಿಯೂ ಕಾಣುತ್ತದೆ. ಸಂಖ್ಯೆ ಗೊತ್ತಿಲ್ಲದಿದ್ದರೆ ವಕೀಲರನ್ನು ಕೇಳಿ. ಹೆಸರು ಹಾಕಿಯೂ ಹುಡುಕಬಹುದು, ಆದರೆ ಬಸವರಾಜ, ಮಲ್ಲಪ್ಪ ಎಂದು ಹುಡುಕಿದರೆ ನಮ್ಮ ಭಾಗದಲ್ಲಿ ಎಷ್ಟು ಜನ ಸಿಗುತ್ತಾರೆಂದು ಹೇಳಬೇಕೇ? ಅದರ ಸ್ಕ್ರೀನ್‌ಶಾಟ್ ಹಾಕಿ "ಇವನ ಮೇಲೆ ಕೇಸಿದೆ" ಎಂದು ಹಂಚಿದರೆ ಯಾರದೋ ಮಾನ ಹೋಗುತ್ತದೆ.

ಇನ್ನು ತಪ್ಪು ಎಲ್ಲಿದೆ ಎಂದರೆ, ಜಾಲತಾಣದ ಪ್ರತಿ ಮಾಹಿತಿಗೆ ಮಾತ್ರ. ಮೇಲ್ಮನವಿಗೆ ಬೇಕಾಗುವುದು ಕೋರ್ಟಿನ ಮೊಹರು ಇರುವ ದೃಢೀಕೃತ ನಕಲು. ಅದಕ್ಕೆ ನಕಲು ವಿಭಾಗದಲ್ಲಿ ಅರ್ಜಿ ಹಾಕಿ ಶುಲ್ಕ ಕಟ್ಟಬೇಕು. ಪಕ್ಷಗಾರರು ತಾವೇ ಹಾಕಬಹುದು, ವಕೀಲರ ಮೂಲಕವೇ ಆಗಬೇಕೆಂದಿಲ್ಲ.

ಇಲ್ಲಿ ದಿನಗಳ ಲೆಕ್ಕ ಬಹಳ ಮುಖ್ಯ. ಸಿವಿಲ್ ತೀರ್ಪಿನ ಮೇಲೆ ಜಿಲ್ಲೆಯೊಳಗಿನ ಮೇಲಿನ ನ್ಯಾಯಾಲಯಕ್ಕೆ ಹೋಗಲು 30 ದಿನ, ಹೈಕೋರ್ಟಿಗಾದರೆ 90 ದಿನ. ಬೆಳಗಾವಿ ಜಿಲ್ಲೆಯವರಿಗೆ ಹೈಕೋರ್ಟ್ ಎಂದರೆ ಧಾರವಾಡ ಪೀಠ. 2008ರಲ್ಲಿ ಸಂಚಾರಿ ಪೀಠವಾಗಿ ಬಂದು 2013ರಲ್ಲಿ ಕಾಯಂ ಆಯಿತು. "ನಕಲು ಸಿಕ್ಕ ದಿನದಿಂದ ಲೆಕ್ಕ ಶುರು" ಎಂಬ ಮಾತನ್ನು ಬಹಳ ಜನ ನಂಬಿದ್ದಾರೆ. ಅದು ತಪ್ಪು. 1963ರ ಕಾಲಮಿತಿ ಕಾಯ್ದೆಯ 12ನೇ ಕಲಂ ಪ್ರಕಾರ ನಕಲು ಕೊಡಲು ಕೋರ್ಟು ತೆಗೆದುಕೊಂಡ ದಿನಗಳನ್ನು ಮಾತ್ರ ಬಿಟ್ಟು ಎಣಿಸುತ್ತಾರೆ. ನೀವು ಅರ್ಜಿ ಹಾಕದೆ ಕಳೆದ ದಿನಗಳು ನಿಮ್ಮ ಲೆಕ್ಕಕ್ಕೇ. 30 ದಿನದ ಗಡುವಿನಲ್ಲಿ 20 ದಿನ ಸುಮ್ಮನಿದ್ದು ಆಮೇಲೆ ಅರ್ಜಿ ಹಾಕಿದರೆ ಉಳಿಯುವುದು ಹತ್ತೇ ದಿನ. ತಡಕ್ಕೆ ಸಕಾರಣವಿದ್ದರೆ ಕೋರ್ಟು ಮನ್ನಿಸಬಹುದು, ಆದರೆ ಮನ್ನಿಸಲೇಬೇಕೆಂದಿಲ್ಲ. ತೀರ್ಪಿನ ದಿನವೇ ನಕಲಿಗೆ ಅರ್ಜಿ ಹಾಕುವುದು ಒಳ್ಳೆಯದು ಎನ್ನುವುದು ಅದಕ್ಕೇ.

"ಆರು ತಿಂಗಳಾದರೆ ತಡೆಯಾಜ್ಞೆ ತಾನಾಗಿ ಬೀಳುತ್ತದೆ" ಎಂಬ ಹಳೆಯ ಸಂದೇಶವೂ ಇನ್ನೂ ಓಡಾಡುತ್ತಿದೆ. 2018ರಲ್ಲಿ ಸುಪ್ರೀಂ ಕೋರ್ಟ್ ಹಾಗೆ ಹೇಳಿದ್ದು ನಿಜ. 2024ರ ಫೆಬ್ರವರಿ 29ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ತೆಗೆದುಹಾಕಿತು. ಹಾಗಾಗಿ ಆರು ತಿಂಗಳಾಯಿತೆಂದು ತಡೆಯಿರುವ ಹೊಲಕ್ಕೆ ನೇಗಿಲು ಹೂಡಬೇಡಿ.

ವಿಡಿಯೊ ಕಾಲ್‌ನಲ್ಲಿ "ಡಿಜಿಟಲ್ ಅರೆಸ್ಟ್" ಎಂಬುದಂತೂ ಯಾವ ಕಾನೂನಿನಲ್ಲೂ ಇಲ್ಲ. ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ.

ವಕೀಲರ ಖರ್ಚಿಗೆ ಹೆದರುವವರಿಗೆ ಒಂದು ಮಾತು: ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಉಚಿತ ನೆರವಿದೆ. ತಾಲ್ಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.